ಅದು ಹೆಬ್ರಿ ಅಲ್ಲ ಮಾರ್ರೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಬಾವಿಕಟ್ಟೆ’. ಕಳೆದ ಭಾನುವಾರ ರಾತ್ರಿ ಅಲ್ಲಿ ನಡೆದದ್ದನ್ನು ಇದ್ದ ಹಾಗೆ ಹಾಕುತ್ತಿದ್ದೇನೆ. ನಡುವೆ ಬಂದ ಗುಡ್ ನೈಟ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ. ಎರಡು ದಿನ ಮೊದಲು ಅತ್ತೆಯ ಮಗ ಅಪ್ಪು ಅಮೆರಿಕದಿಂದ ಫೋಟೋ ಹಾಕಿದ್ದ, ಯೂಟಾದಲ್ಲಿ ಸ್ನೇಹಿತರ ಜೊತೆ ಮರಳುಗಲ್ಲಿನ ಇಕ್ಕಟ್ಟು ಕಣಿವೆಗೆ ಹಗ್ಗ ಕಟ್ಟಿ ಇಳಿದದ್ದು. ಆಗ ಯಾರೂ ಏನೂ ಹೇಳಲಿಲ್ಲ. ನಾಲ್ಕು ಹೆಬ್ಬೆರಳು ಬಿದ್ದಿತ್ತು, ಅಷ್ಟೆ.

ಕುಂದಾಪುರ ಚಿಕ್ಕಪ್ಪ: (ವಿಡಿಯೊ) ನಿನ್ನೆ ಹೆಬ್ರಿ ಕೂಡ್ಲು ತೀರ್ಥ ಜಲಪಾತದಲ್ಲಿ!! ಆಕಾಶದಲ್ಲಿ ಒಂದು ಮೋಡ ಇಲ್ಲ, ಒಮ್ಮೆಲೇ ನೀರು ನುಗ್ಗಿ ಬಂತು. ಮಕ್ಕಳನ್ನು ಕಳಿಸಬೇಡಿ. ಎಲ್ಲರಿಗೂ ತಲುಪಿಸಿ.

ಕಟಪಾಡಿ ಅತ್ತೆ: ಅಯ್ಯೋ ದೇವರೇ. ಅಪ್ಪು ಹೋದದ್ದು ಇಂಥ ಜಾಗಕ್ಕೇ ಅಲ್ವಾ

ಸುರತ್ಕಲ್ ಭಾವ: ಎಲ್ಲಿಂದ ಬಂತು ಇದು? ಯಾವ ಪೇಪರಿನಲ್ಲಿ ಉಂಟು? ಹೆಬ್ರಿಯಲ್ಲಿ ಜೂನ್ ತಿಂಗಳಲ್ಲಿ ಪಾಚಿ ಹಿಡಿಯದ, ಒಂದು ಹುಲ್ಲುಕಡ್ಡಿಯೂ ಇಲ್ಲದ ಬಂಡೆ ತೋರಿಸಿ, ನಾನು ಒಪ್ಪುತ್ತೇನೆ. ಕಲ್ಲಿನ ಬಣ್ಣ ನೋಡಿ, ಕ್ಯಾರೆಟ್ ಹಲ್ವಾದ ಹಾಗೆ. ಅದೂ ಬಿಡಿ, ಓಡುವವನು ಬೈಯುವುದು ಇಂಗ್ಲಿಷಿನಲ್ಲಿ.

ಕುಂದಾಪುರ ಚಿಕ್ಕಪ್ಪ: ಇಂಗ್ಲಿಷ್ ಬರುವವರು ಹೆಬ್ರಿಗೆ ಹೋಗಬಾರದಾ

ಸುರತ್ಕಲ್ ಭಾವ: ಹೋಗಬಹುದು. ಇದು ಹೆಬ್ರಿ ಅಲ್ಲ ಮಾರ್ರೆ ಅಂತ ಹೇಳಿದ್ದು.

ಬ್ರಹ್ಮಾವರ ದೊಡ್ಡಪ್ಪ: ಎಲ್ಲಿಯದ್ದಾದರೂ ಆಗಲಿ. ನೀರು ನೀರೇ. ಈಗಿನವರಿಗೆ ಮನೆಯಲ್ಲಿ ಕೂತರೆ ಮೈ ತುರಿಸುತ್ತದೆ. ಬೇಸಿಗೆ ಕೊನೆಗೆ ಪತ್ತನಾಜೆ ಕಳೆದ ಮೇಲೆ ಹೊಳೆ ಹತ್ತಿರ ಸುಳಿಯಬಾರದು ಅಂತ ಹಿರಿಯರು ಹೇಳಿದ್ದು ಸುಮ್ನೆಯಾ? ಓದಿ ಕೆಲಸಕ್ಕೆ ಹೋದವರು ಕಲ್ಲಿನ ಸಂದಿಯಲ್ಲಿ ಹಲ್ಲಿ ಹಾಗೆ ಇಳಿಯುವುದು, ಅದನ್ನು ಫೋಟೋ ತೆಗೆದು ಹಾಕುವುದು. ತಾಯಿಗೆ ನಿದ್ದೆ ಬರಬೇಡವಾ?

ಸುರತ್ಕಲ್ ಭಾವ: ಮಾವ, ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಭೂತಕೋಲ ನಿಲ್ಲುತ್ತದೆ. ಹೊಳೆಯ ವಿಷಯ ಹೇಳಿದ್ದು ಯಾವ ಹಿರಿಯರು?

ಬ್ರಹ್ಮಾವರ ದೊಡ್ಡಪ್ಪ: ನಾನು

ಮಾವ ಅಳಿಯನ ನಡುವೆ ಹೀಗೆ ಆದಾಗ ಅಕ್ಕ ಬರುತ್ತಾಳೆ. ಅವಳು ಭಾವನ ಪಕ್ಕದಲ್ಲೇ ಸೋಫಾದಲ್ಲಿ ಕೂತಿರುತ್ತಾಳೆ, ಆದರೂ ಬರೆಯುವುದು ಗುಂಪಿನಲ್ಲಿ.

ಸುರತ್ಕಲ್ ಅಕ್ಕ: ನನಗೆ ಅಪ್ಪುವಿನ ಫೋಟೋ ನೋಡಿ ಬಾದಾಮಿ ನೆನಪಾಯಿತು. ಕೋಟೆಗೆ ಹತ್ತುವಾಗ ಎರಡು ಬಂಡೆಗಳ ನಡುವೆ ಮೆಟ್ಟಿಲು ಇತ್ತಲ್ಲ, ಅಲ್ಲಿಯೂ ಮರಳುಗಲ್ಲೇ. 1998ರಲ್ಲಿ ಟೆಂಪೊ ಮಾಡಿ ಹೋದದ್ದು. ಅಜ್ಜಿಯ ಕೈಯಿಂದ ಮಂಗ ಬಾಳೆಹಣ್ಣಿನ ಚೀಲ ಎಳೆದುಕೊಂಡು ಹೋದಾಗ ಅಜ್ಜಿ ಅದಕ್ಕೆ ತುಳುವಿನಲ್ಲಿ ಬೈದದ್ದು 😂 ಬಾದಾಮಿ ಮಂಗಕ್ಕೆ ತುಳು ಬರುತ್ತದಾ

ಕುಂದಾಪುರ ಚಿಕ್ಕಪ್ಪ: ಆ ಟೆಂಪೊದಲ್ಲಿ ವಾಂತಿ ಮಾಡಿದ್ದು ಯಾರು ಅಂತಲೂ ಹೇಳು

ಸುರತ್ಕಲ್ ಅಕ್ಕ: ಚಿಕ್ಕಪ್ಪ ಪ್ಲೀಸ್

ಕಟಪಾಡಿ ಅತ್ತೆ: ಟೆಂಪೊ ಬಾಡಿಗೆ ಅರ್ಧ ನಾವು ಕೊಟ್ಟದ್ದು. ಹಿಂದಿನ ಸೀಟು ಸಿಕ್ಕಿದ್ದೂ ನಮಗೆ.

ಇಷ್ಟಾಗುವಾಗ ಅಲ್ಲಿ ಬೆಳಿಗ್ಗೆ ಆಗಿತ್ತು.

ಅಪ್ಪು: ಈಗ ಎದ್ದೆ, ಇಷ್ಟೆಲ್ಲ ಆಯ್ತಾ. ಆ ವಿಡಿಯೊ ಹೆಬ್ರಿಯದ್ದಲ್ಲ, ಕಲ್ಲು ಈ ಕಡೆಯದ್ದು. ಆದರೆ ಕುಂದಾಪುರ ಮಾವ ಹೇಳಿದ್ದರಲ್ಲಿ ಅರ್ಧ ಸರಿ ಉಂಟು. ಮಳೆ ನಮ್ಮ ತಲೆ ಮೇಲೆಯೇ ಬರಬೇಕು ಅಂತ ಇಲ್ಲ. 1997 ಆಗಸ್ಟ್ 12ಕ್ಕೆ ಅರಿಜೋನಾದ ಲೋವರ್ ಆಂಟಿಲೋಪ್ ಕಣಿವೆಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು, ಮಳೆ ಬಿದ್ದದ್ದು ಎಷ್ಟೋ ಮೈಲಿ ಆಚೆ. ಈಗ ಅಲ್ಲಿ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಯೂಟಾದ ಜಯಾನ್ ಪಾರ್ಕಿನ ಕೀಹೋಲ್ ಕಣಿವೆಯಲ್ಲಿ 7 ಜನ, ಅವರೂ ನಮ್ಮ ಹಾಗೆ ಹಗ್ಗ ಹಿಡಿದು ಇಳಿದವರೇ. ಆಂಟಿಲೋಪ್ ಹತ್ತಿರದ ಪೇಜ್ ಊರಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಇಲ್ಲ, ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಆದರೆ ಇಲ್ಲಿ ಬರೀ ಬಂಡೆ, ನೀರು ಕುಡಿಯುವ ಮಣ್ಣು ಕಮ್ಮಿ, ಬಿದ್ದದ್ದೆಲ್ಲ ಸಂದಿಗೇ ಇಳಿಯುತ್ತದೆ. ಆ ಸಂದಿ ಆದದ್ದೂ ಅದರಿಂದಲೇ, ನೀರು ಮರಳು ಹೊತ್ತುಕೊಂಡು ಬಂದು ಉಜ್ಜಿ ಉಜ್ಜಿ. ಜುಲೈ ಮಧ್ಯದಿಂದ ಸೆಪ್ಟೆಂಬರ್ ತನಕ ಇಲ್ಲಿ ಮಳೆ, ಇವರೂ ಮಾನ್ಸೂನ್ ಅಂತಲೇ ಹೇಳುವುದು. ಅದಕ್ಕೇ ನಾವು ಜೂನ್ ಮೊದಲ ವಾರವೇ ಹೋಗಿ ಬಂದದ್ದು.

ಅಪ್ಪು: ನಾವು 5 ಜನ. ಕೆಲವು ಕಡೆ ಅಡ್ಡ ತಿರುಗಿದರೆ ಮಾತ್ರ ದಾಟಬಹುದು, ಬ್ಯಾಗ್ ಬೆನ್ನಿಗೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ, ಕೈಯಲ್ಲಿ ಎಳೆದುಕೊಂಡೇ ಹೋಗಬೇಕು. ಹೊರಗೆ ಉರಿ ಬಿಸಿಲು, ಒಳಗೆ ಹೊಂಡದ ನೀರಿಗೆ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ, ಬಿಸಿಲು ಕಾಣದ ನೀರು. ಪ್ರತಿ ಇಳಿತ ಆದ ಮೇಲೆ ಹಗ್ಗವನ್ನು ಕೆಳಗೆ ಎಳೆದುಕೊಳ್ಳುತ್ತೇವೆ. ಮತ್ತೆ ಹಿಂದೆ ಹೋಗ್ಲಿಕ್ಕಿಲ್ಲ. ಮೊದಲ ಸಲ ಹಗ್ಗ ಎಳೆದು ಸುತ್ತುವಾಗ ಮೇಲೆ ನೋಡಿದೆ, ಎರಡು ಗೋಡೆಗಳ ನಡುವೆ ಒಂದು ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿತ್ತು, ತೆಂಗಿನ ಮರದಷ್ಟು ಎತ್ತರದಲ್ಲಿ. ಯಾರಪ್ಪ ಅಲ್ಲಿ ಇಟ್ಟದ್ದು ಅಂತ ಯೋಚಿಸಿದೆ. ಆಮೇಲೆ ಗೊತ್ತಾಯಿತು. ಸುಮಾರು ಹೊತ್ತು ನಾವು ಯಾರೂ ಮಾತಾಡಲಿಲ್ಲ.

ನನಗೆ ಆ ದಿಮ್ಮಿ ಕಣ್ಣಿಂದ ಹೋಗುತ್ತಿಲ್ಲ. ಆದರೆ ಗುಂಪಿನಲ್ಲಿ ಅದನ್ನು ಓದಿದವರು ಭಾವ ಮತ್ತು ನಾನು ಮಾತ್ರ ಅಂತ ಕಾಣುತ್ತದೆ.

ಕಟಪಾಡಿ ಅತ್ತೆ: ಅಷ್ಟು ತಣ್ಣೀರಿಗೆ ಯಾಕೆ ಇಳಿದದ್ದು, ನಿನಗೆ ಸೈನಸ್ ಉಂಟಲ್ಲ

ಅಪ್ಪು: ವೆಟ್‌ಸೂಟ್ ಹಾಕಿದ್ದೆ ಅಮ್ಮಾ

ಸುರತ್ಕಲ್ ಭಾವ: ನೋಡಿದಿರಾ, ಹೆಬ್ರಿ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ.

ಕುಂದಾಪುರ ಚಿಕ್ಕಪ್ಪ: ಅರ್ಧ ಸರಿ ಅಂತ ಹೇಳಿದ್ದು ನನಗೆ

ನಾನು: ಮಳೆಯ ವಿಷಯ ಮುಖ್ಯ ಅಲ್ವಾ? ಕೂಡ್ಲುವಿಗೂ ಅದೇ. ಆಗುಂಬೆ ಘಾಟಿಯಲ್ಲಿ ಸುರಿದರೆ ಕೆಳಗೆ ಸೀತಾನದಿ ಏರುತ್ತದೆ, ಹೆಬ್ರಿಯಲ್ಲಿ ಬಿಸಿಲಿದ್ದರೂ. ಊರ ಹೆಸರು ತಪ್ಪಾದರೂ ವಿಷಯ ತಪ್ಪಲ್ಲ.

ಕುಂದಾಪುರ ಚಿಕ್ಕಪ್ಪ: 👆👆

ಸುರತ್ಕಲ್ ಭಾವ: ಹಾಗಾದರೆ ಸುಳ್ಳು ಹೆಸರು ಹಾಕಿ ಹಂಚಬಹುದಾ? ಹೆಬ್ರಿಯಲ್ಲಿ ಹೋಟೆಲ್ ಇಟ್ಟವರ ಗತಿ ಏನು? ಅಪ್ಪು ಬರೆದದ್ದು ಸರಿ. ಲೆಕ್ಕ ಉಂಟು, ತಾರೀಕು ಉಂಟು.

ಬ್ರಹ್ಮಾವರ ದೊಡ್ಡಪ್ಪ: ಲೆಕ್ಕ ತಾರೀಕು ಗೊತ್ತಿದ್ದೂ ಹೋದ ಅಲ್ವಾ. ಅದಕ್ಕೆ ಏನು ಹೇಳುವುದು. ಒಂದು ಹಗ್ಗವನ್ನು ನಂಬಿ ಜೀವ ಬಿಡುವುದಾ?

ಇಲ್ಲಿ ಹಗ್ಗ ಅನ್ನುವ ಶಬ್ದ ಬರಬಾರದಿತ್ತು.

ಕಟಪಾಡಿ ಅತ್ತೆ: ಹಗ್ಗದ ವಿಷಯ ನೀವು ಮಾತಾಡಬೇಡಿ ಅಣ್ಣ. 2009ರಲ್ಲಿ ಮಗಳ ಮದುವೆ ಚಪ್ಪರಕ್ಕೆ ಅಂತ ನಮ್ಮ ಬಾವಿಯ ಹೊಸ ನೈಲಾನ್ ಹಗ್ಗ ತಗೊಂಡು ಹೋದವರು ಇವತ್ತಿನವರೆಗೆ ಕೊಡಲಿಲ್ಲ.

ಬ್ರಹ್ಮಾವರ ದೊಡ್ಡಪ್ಪ: ಚಪ್ಪರದವ ಬಿಚ್ಚಿಕೊಂಡು ಹೋದ. ಆಗಲೇ ಹೇಳಿದ್ದೇನೆ.

ಕಟಪಾಡಿ ಅತ್ತೆ: ಹೇಳಿದ್ದು ಮೂರು ವರ್ಷ ಕಳೆದ ಮೇಲೆ

ಸುರತ್ಕಲ್ ಭಾವ: ನನ್ನ ಮದುವೆಯಲ್ಲಿ ಹಗ್ಗ ಕಳೆದುಹೋದ ವಿಷಯ ನನಗೆ ಈಗ ಗೊತ್ತಾಗುವುದು

ಸುರತ್ಕಲ್ ಅಕ್ಕ: ಅಷ್ಟೂ ಹೊತ್ತು ಪಕ್ಕದಲ್ಲೇ ಕೂತಿದ್ದೀರಿ, ನನ್ನ ಹತ್ತಿರ ಕೇಳಬಾರದಾ

ಹತ್ತು ನಿಮಿಷ ಗುಂಪು ತಣ್ಣಗಾಯಿತು. ದೊಡ್ಡಪ್ಪನ ಹೆಸರಿನ ಮುಂದೆ ‘ಟೈಪಿಂಗ್’ ಅಂತ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಅವರು ಒಂದೇ ಬೆರಳಲ್ಲಿ ಬರೆಯುವುದು.

ಬ್ರಹ್ಮಾವರ ದೊಡ್ಡಪ್ಪ: ಅಪ್ಪೂ, ನಿನ್ನ ಆ ಹಗ್ಗ ಎಷ್ಟು ಉದ್ದ

ಅಪ್ಪು: 60 ಮೀಟರ್, ದೊಡ್ಡ ಮಾವ

ಬ್ರಹ್ಮಾವರ ದೊಡ್ಡಪ್ಪ: ಗಟ್ಟಿ ಉಂಟಾ

ಅಪ್ಪು: 8 ಮಿ.ಮೀ. ದಪ್ಪ, ಆಳು ತೂಗಿದರೂ ಜಾಸ್ತಿ ಹಿಗ್ಗುವುದಿಲ್ಲ. ಆದರೆ ಮರಳುಗಲ್ಲಿಗೆ ಉಜ್ಜಿ ಹೊರಗಿನ ನೂಲು ಎದ್ದರೆ ಮತ್ತೆ ಅದರಲ್ಲಿ ಇಳಿಯುವ ಹಾಗಿಲ್ಲ. ಈ ಸಲದ್ದು ಹಾಗೆ ಆಗಿದೆ, ಬಿಸಾಡಬೇಕು.

ಬ್ರಹ್ಮಾವರ ದೊಡ್ಡಪ್ಪ: ಬಿಸಾಡಬೇಡ. ಬರುವಾಗ ತಾ. ನಮ್ಮ ಬಾವಿ 16 ಕೋಲು ಆಳ. ಕೊಡಪಾನಕ್ಕೆ ಧಾರಾಳ ಆಗ್ತದೆ.

ಕಟಪಾಡಿ ಅತ್ತೆ: ಅಪ್ಪು ಅದನ್ನು ಮೊದಲು ಕಟಪಾಡಿಗೆ ತರುವುದು.