ಪದಚರ್ಚೆ: ವ್ಯಾನಿನ ಒಳಗೆ ಹಾಕುವ ‘ವಾಟರ್‌ಪ್ರೂಫ್ ಲೈನಿಂಗ್’ – ಅಸ್ತರವೋ, ಹೊದಿಕೆಯೋ, ಹಾಸೋ?

ಗೆಳೆಯರೇ,

ಕೊಡಗಿನ ಗೋಣಿಕೊಪ್ಪಲಿನಲ್ಲಿ ವ್ಯಾನು, ಪಿಕಪ್‌ಗಳ ಒಳಗೆಲಸ ಮಾಡುವ ಪರಿಚಯದವರೊಬ್ಬರು ಗಿರಾಕಿಗಳಿಗೆ ಹಂಚಲು ಒಂದು ಪುಟದ ಕನ್ನಡ ಬರಹ ಬೇಕು ಎಂದಿದ್ದಾರೆ. ಕೆಲಸದ ವ್ಯಾನಿನ ಒಳಮೈಗೆ ಪ್ಲೈ, ಪ್ಲಾಸ್ಟಿಕ್ ಶೀಟು, ರಬ್ಬರ್ ಮ್ಯಾಟು ಹಾಕಿ ತಗಡನ್ನು ನೀರಿನಿಂದ ಕಾಪಾಡುವ ಕೆಲಸ ಅವರದು. ಇದನ್ನು ಓದುವವರು ಎಲೆಕ್ಟ್ರಿಷಿಯನ್‌ಗಳು, ಪ್ಲಂಬರ್‌ಗಳು, ತೋಟಕ್ಕೆ ಔಷಧಿ ಹೊಡೆಯುವ ತಂಡದವರು, ಕಾಫಿ ಮತ್ತು ಕರಿಮೆಣಸು ಸಾಗಿಸುವವರು. ‘ಜಲನಿರೋಧಕ ಒಳಪದರ’ ಎಂದು ಬರೆದರೆ ಅವರಿಗೆ ಅರ್ಥವಾಗದೆ ಹೋಗುವುದಿಲ್ಲ. ಆದರೆ ಎಲ್ಲಿ ಏನು ಹಾಕಬೇಕು, ಯಾವ ನೀರನ್ನು ಹೇಗೆ ತಡೆಯಬೇಕು ಎನ್ನುವುದು ಆ ಮಾತಿನಿಂದ ಹೊಳೆಯುವುದೇ ಇಲ್ಲ. ಹಾಗಾಗಿ ನಿಮ್ಮೆಲ್ಲರ ಸಲಹೆ ಬೇಕು. ನಾನು ಈವರೆಗೆ ಕೂಡಿಹಾಕಿದ್ದನ್ನು ಮೊದಲು ಹೇಳಿಬಿಡುತ್ತೇನೆ.

‘ಲೈನಿಂಗ್’ಗೆ ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಟೈಲರ್‌ಗಳ ಅಂಗಡಿಯಲ್ಲಿ ಅಸ್ತರ ಎಂಬ ಮಾತು ಇದೆ. ಪಾರಸಿಯಿಂದ ಬಂದದ್ದು, ಕೋಟಿನ ಒಳಗೆ ಹೊಲಿಯುವ ಬಟ್ಟೆ. ಈಗಿನ ಹುಡುಗರು ಅದಕ್ಕೂ ಲೈನಿಂಗ್ ಅಂತಲೇ ಅನ್ನುತ್ತಾರೆ. ಪಾತ್ರೆಗೆ ಬಂದರೆ ಕಲಾಯಿ. ತಾಮ್ರ, ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಬಳಿದು, ಹುಳಿ ಪದಾರ್ಥ ಲೋಹಕ್ಕೆ ತಾಗದ ಹಾಗೆ ಮಾಡುವುದು. ಕೆಲಸದ ಮಟ್ಟಿಗೆ ನೋಡಿದರೆ ವ್ಯಾನಿನ ಲೈನಿಂಗಿಗೆ ತೀರಾ ಹತ್ತಿರದ ನಂಟ ಇದೇ. ಗೋಡೆಗೆ ಬಂದರೆ ಗಿಲಾವು, ಸಾರಣೆ. ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ಕಿಗೆ ಕೃಷಿ ಇಲಾಖೆಯವರು ‘ಪಾಲಿಥೀನ್ ಹೊದಿಕೆ’ ಎನ್ನುತ್ತಾರೆ. ಇಲ್ಲಿ ನನಗೆ ತಕರಾರಿದೆ. ಹೊದಿಕೆ ಮೈಮೇಲೆ ಬರುವಂಥದ್ದು. ಹೊಂಡದ ತಳದಲ್ಲಿ, ನೀರಿನ ಅಡಿಯಲ್ಲಿ ಇರುವುದು ಹಾಸು. ನಾವು ಹಾಸುವುದೇ ಬೇರೆ, ಹೊದೆಯುವುದೇ ಬೇರೆ. ‘ಹಾಸಿ ಹೊದೆಯುವಷ್ಟಿದೆ’ ಎಂದು ಹೇಳುವ ಭಾಷೆ ಈ ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಬೇಕಾಗಿಲ್ಲ ಅಲ್ವಾ?

ಹಾಗೆ ಯೋಚಿಸಿದಾಗ ವ್ಯಾನಿಗೆ ಮೂರು ಮಾತು ಸಿಕ್ಕಿದವು. ನೆಲಕ್ಕೆ ಹಾಸು. ಪಕ್ಕದ ಗೋಡೆ, ಬಾಗಿಲಿನ ಒಳಮೈಗೆ ಅಸ್ತರ. ಮೇಲಕ್ಕೆ ಮುಚ್ಚಿಗೆ. ಕೊನೆಯದು ಮಲೆನಾಡು, ಕರಾವಳಿ ಕಡೆಯ ಹಳೆ ಮನೆಗಳ ಮಾತು. ಮಾಡಿನ ಕೆಳಗೆ ಹಲಗೆ ಹೊಡೆದು ಮಾಡಿದ ಒಳಚಾವಣಿಗೆ ಮುಚ್ಚಿಗೆ ಎನ್ನುತ್ತಾರೆ. ವ್ಯಾನಿನ ಮೇಲ್ತಗಡಿನ ಕೆಳಗೆ ಹೊಡೆಯುವ ತೆಳು ಶೀಟಿಗೆ ಇದಕ್ಕಿಂತ ಸರಿಯಾದ ಹೆಸರು ನನಗೆ ಕಾಣಲಿಲ್ಲ. ಮೂರನ್ನೂ ಸೇರಿಸಿ ಹೇಳಬೇಕಾದಾಗ ‘ಒಳಗವಚ’ ಎಂದು ಒಬ್ಬರು ಸೂಚಿಸಿದರು. ಅದು ನನಗೆ ಹಿಡಿಸಲಿಲ್ಲ. ಕವಚ ಎಂದರೆ ಹೊರಗಿನ ಏಟಿಗೆ ತೊಡುವುದು ಎಂಬ ಅರ್ಥ ಗಟ್ಟಿಯಾಗಿ ಕೂತಿದೆ. ಇಲ್ಲಿ ಏಟು ಬರುವುದು ಒಳಗಿನಿಂದ. ‘ಅಸ್ತರ’ವನ್ನೇ ಒಟ್ಟು ಹೆಸರಾಗಿಯೂ ಬಳಸಬಹುದು ಎಂದು ನನ್ನ ಅನಿಸಿಕೆ.

ನಿಜವಾದ ತೊಡಕು ‘ವಾಟರ್‌ಪ್ರೂಫ್’ನಲ್ಲಿದೆ. ಇದು ಕೊಡಗಿನಲ್ಲಿ ಸುಮ್ನೆ ಶಬ್ದದ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಓಡಾಡುವ ಗಾಡಿಯ ಒಳಗೆ ಒಣಗಿದ ಜಾಗ ಸಿಗುವುದೇ ಕಷ್ಟ. ಕಕ್ಕಡ, ಅಂದರೆ ಇಲ್ಲಿನ ಜೋರು ಮಳೆಯ ತಿಂಗಳು, ಬಂತೆಂದರೆ ಮನೆಯೊಳಗಿನ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತದೆ. ಇನ್ನು ಬೀಗ ಹಾಕಿ ನಿಲ್ಲಿಸಿದ ವ್ಯಾನಿನ ಒಳಗೆ ಕೇಳಬೇಕೆ? ಆದರೆ ಆ ನೀರು ಒಂದೇ ದಾರಿಯಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಒಂದೊಂದು ದಾರಿಗೂ ಒಂದೊಂದು ಕ್ರಿಯಾಪದ ಇದೆ.

ಬಾಗಿಲಿನ ರಬ್ಬರ್ ಹೋಗಿ ನೀರು ಒಳಗೆ ಬಂದರೆ ಸೋರುತ್ತದೆ. ಬೆಸುಗೆಯ ಸಂದಿನಿಂದ ಹನಿ ಕಾಣದ ಹಾಗೆ ಮೆಲ್ಲಗೆ ಬಂದರೆ ಜಿನುಗುತ್ತದೆ. ಪಕ್ಕದ ಬಾಗಿಲು ತೆರೆದು ಸಾಮಾನು ಇಳಿಸುವಾಗ ಗಾಳಿಗೆ ಮಳೆ ಅಡ್ಡ ಬಡಿದರೆ ಅದು ಇರಚಲು. ಎಷ್ಟು ಚೆಂದದ ಮಾತು ನೋಡಿ! ಜಗಲಿಯ ಮಟ್ಟಿಗೆ ಎಲ್ಲರಿಗೂ ಗೊತ್ತು, ಗಾಡಿಯ ವಿಷಯದಲ್ಲಿ ಯಾರೂ ಬರೆಯುವುದಿಲ್ಲ. ಒದ್ದೆ ರೈನ್‌ಕೋಟು, ಹುಲ್ಲು ಹೊಡೆಯುವ ಮಿಷನ್ನು, ಕೆಸರಿನ ಬೂಟು ಒಳಗಿಟ್ಟರೆ ನೀರು ಅವುಗಳಿಂದ ಬಸಿಯುತ್ತದೆ. ಬಸಿದ ನೀರು ಪ್ಲೈ ಒಳಗೆ ಇಂಗುತ್ತದೆ. ಇನ್ನೊಂದು ನೀರಿಗಂತೂ ಹೊರಗಿನ ಮಳೆಯೇ ಬೇಡ. ಒಳಗಿನ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ತಗಡಿಗೆ ತಾಗಿ ಹನಿಗಟ್ಟುತ್ತದೆ, ಅಂದರೆ ತಗಡು ಬೆವರುತ್ತದೆ. ಪಠ್ಯಪುಸ್ತಕದ ‘ಸಾಂದ್ರೀಕರಣ’ಕ್ಕಿಂತ ‘ಬೆವರು’ ಎಂದರೆ ಓದುವವನಿಗೆ ತಟ್ಟನೆ ತಿಳಿಯುತ್ತದೆ.

ಇಷ್ಟನ್ನೂ ‘ಜಲನಿರೋಧಕ’ದ ಒಳಗೆ ತುರುಕಿದರೆ ಏನಾಗುತ್ತದೆ ಎಂದರೆ, ಓದುವವನು ಒಂದು ಶೀಟು ಅಂಟಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ. ಸೋರುವುದಕ್ಕೆ ಶೀಟು ಮದ್ದಲ್ಲ. ಸೋರುವ ಜಾಗವನ್ನೇ ಮೊದಲು ಮುಚ್ಚಬೇಕು. ಮುಚ್ಚದೆ ಮೇಲೆ ಅಸ್ತರ ಹಾಕಿದರೆ ನೀರು ಅದರ ಹಿಂದೆ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಒಣಗುವುದೂ ಇಲ್ಲ. ತುಕ್ಕಿಗೆ ಬೇಕಾದ್ದು ಕಬ್ಬಿಣ, ನೀರು, ಗಾಳಿಯ ಆಮ್ಲಜನಕ. ಮೂರೂ ಅಲ್ಲಿ ಸಿಗುತ್ತವೆ. ಹಾಗಾಗಿ ಕೆಟ್ಟದಾಗಿ ಹಾಕಿದ ‘ವಾಟರ್‌ಪ್ರೂಫ್’ ಅಸ್ತರ ಬರಿ ತಗಡಿಗಿಂತ ಬೇಗ ಗಾಡಿಯನ್ನು ತಿನ್ನಬಲ್ಲದು. ಈ ಮಾತು ಆ ಒಂದು ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬರಬೇಕು ಎಂದು ನನ್ನ ಹಟ. ಅದಕ್ಕೆ ‘ನೀರು ತಡೆಯುವುದು’, ‘ನೀರು ಬಸಿದು ಹೋಗಲು ಬಿಡುವುದು’ ಎಂಬ ಎರಡೂ ಮಾತು ಬೇಕು. ವ್ಯಾನಿನ ನೆಲದಲ್ಲಿ ನೀರು ಹೋಗಲೆಂದು ಇರುವ ತೂತಿಗೆ ‘ಬಸಿಗಂಡಿ’ ಎನ್ನೋಣವೇ? ತೋಟದಲ್ಲಿ ಬಸಿಗಾಲುವೆ ಎಲ್ಲರಿಗೂ ಗೊತ್ತಿರುವುದರಿಂದ ಇದು ಹೊಸದು ಅನ್ನಿಸುವುದಿಲ್ಲ. ಕಾಫಿ ಗಿಡಗಳ ನಡುವೆ ತೆಗೆಯುವ ಗುಂಡಿಗೆ ‘ತೊಟ್ಟಿಲು ಗುಂಡಿ’ ಎನ್ನುವುದೂ ಇದೇ ತೋಟಗಳಲ್ಲಿ ಅಲ್ಲವೇ. ಇಂಥ ಮಾತು ಕಟ್ಟುವ ಶಕ್ತಿ ನಮ್ಮಲ್ಲಿ ಇದೆ.

ಪ್ಲೈ ವಿಷಯದಲ್ಲಿ ಇನ್ನೊಂದು ಗೊಂದಲ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಪ್ಲೈ’ ಎಂದು ಕೊಡುವುದರಲ್ಲಿ ನೀರಿಗೆ ಜಗ್ಗದೆ ನಿಲ್ಲುವುದು ಪದರಗಳ ನಡುವಿನ ಅಂಟು. ಐ.ಎಸ್. 710 ಎಂಬ ಭಾರತೀಯ ಮಾನಕದ ಮರೀನ್ ಪ್ಲೈಯನ್ನು ಪರೀಕ್ಷೆಯಲ್ಲಿ 72 ಗಂಟೆ ಕುದಿಯುವ ನೀರಿನಲ್ಲಿ ಇಡುತ್ತಾರೆ. ಅಷ್ಟಾದರೂ ಪದರ ಬಿಡಬಾರದು. ಆದರೆ ಮರ ಮರವೇ. ಕೊಯ್ದ ಅಂಚಿನಿಂದ ಅದು ನೀರು ಕುಡಿಯುತ್ತದೆ, ಉಬ್ಬುತ್ತದೆ, ಒಳಗೆ ಮುಗ್ಗುತ್ತದೆ. ಹಾಗಾಗಿ ಕೊಯ್ದ ಅಂಚಿಗೆಲ್ಲ ಬಣ್ಣವೋ ಎಪಾಕ್ಸಿಯೋ ಬಳಿಯಲೇಬೇಕು. ಕನ್ನಡದಲ್ಲಿ ಈ ವ್ಯತ್ಯಾಸವನ್ನು ತೋರಿಸಲು ನಾನು ‘ನೀರಿಗೆ ಪದರ ಬಿಡದ ಪ್ಲೈ’ ಮತ್ತು ‘ನೀರು ಕುಡಿಯದ ಶೀಟು’ ಎಂದು ಬೇರೆ ಬೇರೆ ಬರೆದಿದ್ದೇನೆ. ಎರಡನೆಯದು ಪಾಲಿಪ್ರೊಪಿಲೀನ್, ಎಚ್.ಡಿ.ಪಿ.ಇ. ಎಂಬ ಪ್ಲಾಸ್ಟಿಕ್ ಶೀಟುಗಳಿಗೆ, ಫೈಬರ್ ಶೀಟಿಗೆ. ‘ನೀರು ಹಿಡಿಯದ’ ಎಂದು ಬರೆಯಲು ಹೋಗಿ ಕೈಬಿಟ್ಟೆ. ‘ಈ ಬಿಂದಿಗೆ ಎಷ್ಟು ನೀರು ಹಿಡಿಯುತ್ತದೆ’ ಎನ್ನುವ ಹಿಡಿತವೂ ಅದರಲ್ಲೇ ಇರುವುದರಿಂದ ಓದುವವರು ತಡವರಿಸುತ್ತಾರೆ. ಇನ್ನು ‘ನೀರೋಧಕ’ ಎಂಬುದನ್ನು ಕೆಲವು ಬಣ್ಣದ ಜಾಹೀರಾತುಗಳಲ್ಲಿ ನೋಡಿದೆ. ದಯವಿಟ್ಟು ಅದು ಬೇಡ. ‘ನಿರೋಧಕ’ದ ಅಚ್ಚುತಪ್ಪಿನ ಹಾಗೆ ಕಾಣುತ್ತದೆ.

ಔಷಧಿ ಹೊಡೆಯುವವರಿಗೆ ಬರೆಯುವಾಗ ನೀರಿನ ಜೊತೆ ಮೈಲುತುತ್ತನ್ನೂ (ಕಾಪರ್ ಸಲ್ಫೇಟ್) ಸೇರಿಸಬೇಕು. ಮಳೆಗಾಲಕ್ಕೆ ಮೊದಲು ಮೆಣಸಿನ ಬಳ್ಳಿಗೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ನೀರು ಬರಿ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಚಾಕು ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎನ್ನುವುದೂ ಇದೇ ಕಾರಣಕ್ಕೆ. ಮೈಲುತುತ್ತಿನ ಒದ್ದೆ ಚೀಲ, ಪೊಟ್ಯಾಷ್ ಚೀಲ ಇಡುವ ಗಾಡಿಗೆ ಪ್ಲೈಗಿಂತ ಅಂಚು ಎತ್ತಿದ ಪ್ಲಾಸ್ಟಿಕ್ ಹಾಸೇ ವಾಸಿ. ಹೀಗೆ ನಾಲ್ಕೂ ಕಡೆ ಅಂಚು ಎತ್ತಿದ ಹಾಸನ್ನು ‘ತಟ್ಟೆಹಾಸು’ ಎಂದರೆ ಹೇಗಿರುತ್ತದೆ?

ತಾಡಪತ್ರಿಯ ಬಗ್ಗೆ ಒಂದು ಮಾತು. ಉತ್ತರ ಕರ್ನಾಟಕದ ಕಡೆಯಿಂದ ಬಂದವರು ತಾಡಪತ್ರಿ, ಇಲಾಖೆಯ ಕಾಗದದಲ್ಲಿ ತಾಡಪಾಲು, ಇಲ್ಲಿ ಕಾಫಿ ಕಣದಲ್ಲಿ ಹೆಚ್ಚಾಗಿ ಟರ್ಪಾಲು. ಮೂಲದಲ್ಲಿ ಅದು ಡಾಂಬರು ಬಳಿದ ಬಟ್ಟೆ. ಇಂಗ್ಲಿಷಿನ ‘ಟಾರ್’ ಅಲ್ಲಿರುವುದು ಅದಕ್ಕೇ. ಕನ್ನಡದವರು, ಮರಾಠಿಯವರು ಅದಕ್ಕೆ ತಾಳೆಗರಿಯ ಬಣ್ಣ ಕೊಟ್ಟು ತಾಡಪತ್ರಿ ಮಾಡಿಕೊಂಡರು. ಮಳೆಗೆ ಗರಿ ಹೆಣೆದು ಗೊರಬು ಮಾಡಿಕೊಳ್ಳುತ್ತಿದ್ದ ನಾಡಿನಲ್ಲಿ ಅದು ಸಹಜವಾಗಿಯೇ ಒಗ್ಗಿದೆ. ಬರಹದಲ್ಲಿ ನಾನು ಟರ್ಪಾಲು ಎಂದೇ ಇಡುತ್ತೇನೆ. ಗಾಡಿಯ ಒಳಗೆ ಟರ್ಪಾಲು ಮಡಚಿ ಹಾಸುವವರು ಜಾಸ್ತಿ ಇದ್ದಾರೆ. ಅದು ತಾತ್ಕಾಲಿಕ ಹಾಸು ಮಾತ್ರ, ದಿನವೂ ಎತ್ತಿ ಒಣಗಿಸಬೇಕು ಎಂದೂ ಹೇಳಬೇಕು.

ಪ್ಲೈ, ಶೀಟು, ಸ್ಕ್ರೂ, ಸಿಲಿಕಾನ್, ಫೋಮ್, ಇವುಗಳನ್ನು ಮುಟ್ಟುವುದಿಲ್ಲ. ಅಂಗಡಿಗೆ ಹೋಗಿ ಕೇಳಬೇಕಾದ್ದು ಅದೇ ಹೆಸರಲ್ಲಿ.

ನಾನು ಬರೆದಿರುವುದರ ಒಂದು ತುಣುಕು ಇಲ್ಲಿದೆ. ತಿದ್ದಿಕೊಡಿ:

“ಅಸ್ತರ ಹಾಕುವ ಮೊದಲು ಗಾಡಿಯನ್ನು ತೊಳೆದು ಪೂರ್ತಿ ಒಣಗಿಸಿ. ಸೋರುವ, ಜಿನುಗುವ ಸಂದುಗಳನ್ನು ಮುಚ್ಚಿ. ತುಕ್ಕು ಹಿಡಿದಲ್ಲಿ ಉಜ್ಜಿ ಪ್ರೈಮರ್ ಬಳಿಯಿರಿ. ಬಸಿಗಂಡಿಗಳನ್ನು ಮುಚ್ಚಬೇಡಿ. ನೆಲಕ್ಕೆ ಸ್ಕ್ರೂ ಹೊಡೆಯುವ ಮೊದಲು ಕೆಳಗೆ ಇಂಧನದ ಟ್ಯಾಂಕ್, ಬ್ರೇಕ್ ಪೈಪು, ವೈರು ಎಲ್ಲಿವೆ ನೋಡಿ. ತೂತು ಕೊರೆದ ಜಾಗದಲ್ಲಿ ಬಣ್ಣ ಹೋಗಿ ತಗಡು ಬರಿದಾಗಿರುತ್ತದೆ, ಅಲ್ಲಿ ಮೊದಲು ಪ್ರೈಮರ್ ಬಳಿದು, ಒಣಗಿದ ಮೇಲೆ ಹುಳಿವಾಸನೆ ಬಾರದ (ನ್ಯೂಟ್ರಲ್) ಸಿಲಿಕಾನ್ ತುಂಬಿ. ತಗಡು ಬೆವರದಂತೆ ಗೋಡೆಗೆ ನೀರು ಕುಡಿಯದ ಫೋಮ್ ಒತ್ತಾಗಿ ಅಂಟಿಸಿ, ಅದರ ಮೇಲೆ ಅಸ್ತರ ಹೊಡೆಯಿರಿ. ಹಾಸನ್ನು ಆಗಾಗ ಎತ್ತಿ ಕೆಳಗೆ ಒದ್ದೆ ಇದೆಯೇ ನೋಡಿ. 8 ಅಡಿ ಉದ್ದ 4 ಅಡಿ ಅಗಲದ 12 ಮಿ.ಮೀ. ಪ್ಲೈ ಒಂದೇ 20 ಕಿಲೋ ದಾಟುತ್ತದೆ. ಆ ಭಾರವನ್ನು ನಿಮ್ಮ ಲೋಡಿನಲ್ಲಿ ಕಳೆಯಿರಿ.”

ಈಗ ನಿಮ್ಮಿಂದ ಬೇಕಾದದ್ದು. ಅಸ್ತರ ಎಂಬ ಮಾತು ಬಟ್ಟೆಯಿಂದ ಆಚೆಗೆ, ಗಾಡಿ, ಪೆಟ್ಟಿಗೆ, ದೋಣಿಗಳಿಗೂ ನಿಮ್ಮ ಕಡೆ ಬಳಕೆಯಲ್ಲಿ ಇದೆಯೇ? ಹುಬ್ಬಳ್ಳಿ, ದಾವಣಗೆರೆ ಕಡೆ ಲಾರಿ ಬಾಡಿ ಕಟ್ಟುವವರು ಒಳಗಿನ ಹಲಗೆಗೆ ಏನೆನ್ನುತ್ತಾರೆ? ಸಂದು ಮುಚ್ಚುವ ಸೀಲಂಟಿಗೆ ‘ಸಂದುಮೇಣ’ ಎಂದು ಬರೆಯಲು ಆಸೆ ಇದೆ, ಆದರೆ ಮೇಣ ಎಂದೊಡನೆ ಬಿಸಿಗೆ ಕರಗುವ ವಸ್ತು ಎಂದುಕೊಳ್ಳುವ ಭಯವೂ ಇದೆ. ಕರಾವಳಿಯ ದೋಣಿ ಕಟ್ಟುವವರಲ್ಲಿ ಹಲಗೆಯ ಸಂದಿಗೆ ತುಂಬುವ ವಸ್ತುವಿಗೆ ಹೆಸರು ಇದ್ದೇ ಇರುತ್ತದೆ. ಬಲ್ಲವರು ಹೇಳಿ. ಇಲ್ಲಿನ ಕೊಡವ ತಕ್ಕ್, ಅರೆಭಾಷೆ, ಎರವರ ಮಾತು ಆಡುವವರಲ್ಲಿ ಜಿನುಗು, ಇರಚಲು, ಬೆವರುಗಳಿಗೆ ಬೇರೆ ಬೇರೆ ಮಾತುಗಳಿದ್ದರೆ ಅವನ್ನೂ ಬರೆಯಿರಿ. ಇದನ್ನು ಓದುವವರಲ್ಲಿ ಅವರೇ ಹೆಚ್ಚು, ಮತ್ತು ಮುಂಗಾರಿಗೆ ಮೊದಲು ಅಚ್ಚಿಗೆ ಕೊಡಬೇಕಿದೆ.