ಅಪ್‌ಡೇಟ್: ಕಂಪನಿಯ ಟೀ ಶರ್ಟ್‌ಗೆ ವಿಜಯನಗರ ಕಾಲದ ವಿನ್ಯಾಸ

ಕೋಲಾರದ ನಮ್ಮ ಕಂಪನಿಯ ಕಾಲರ್ ಟೀ ಶರ್ಟ್‌ಗಳಿಗೆ ವಿಜಯನಗರ ಕಾಲದ ಛಾಯೆ ತರುವುದು ಹೇಗೆಂದು ಕಳೆದ ತಿಂಗಳು ಕೇಳಿದ್ದೆ. ಇಲ್ಲಿನ ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬವೊಂದನ್ನು ಇಡಿಯಾಗಿ ಬೆನ್ನಿಗೆ ಅಚ್ಚು ಹಾಕಿಸಿದ ಮೊದಲ ಮಾದರಿ ಕೆಟ್ಟಿತು. ಬಟ್ಟೆಯ ಗುಳಿಗುಳಿ ನೇಯ್ಗೆಯ ಮೇಲೆ ಸ್ಕ್ರೀನ್ ಪ್ರಿಂಟಿನ ಸಣ್ಣ ಗೆರೆಗಳು ಒಂದಕ್ಕೊಂದು ಕೂಡಿಕೊಂಡು, ಕಂಬದಲ್ಲಿನ ಯಾಳಿಯ (ಸಿಂಹದಂಥ ಕಾಲ್ಪನಿಕ ಪ್ರಾಣಿ) ಮುಖ ಮಸಿ ಮೆತ್ತಿದ ಬೆಕ್ಕಿನಂತೆ ಕಂಡಿತು. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಕಂಬವನ್ನು ಕೈಬಿಟ್ಟು, ಬಳ್ಳಿಯ ಸುರುಳಿಯೊಂದನ್ನಷ್ಟೇ ದಪ್ಪ ಗೆರೆಯಲ್ಲಿ ಬರೆಸಿ, ತೋಳಿನ ಅಂಚಿಗೆ ಕಲ್ಲಿನ ಬಣ್ಣದ ಬೂದು ದಾರದಲ್ಲಿ ಕಸೂತಿ ಮಾಡಿಸಿದೆವು. (ದೇವರ ವಿಗ್ರಹಗಳು ಬೆವರಿನ ಬಟ್ಟೆಗೆ ಸಲ್ಲವೆಂದು ಮೊದಲೇ ಹೊರಗಿಟ್ಟಿದ್ದೆವು.) 5 ಬಾರಿ ಒಗೆದರೂ ದಾರ ಬಣ್ಣ ಬಿಡದ ಕಾರಣ, 60 ಅಂಗಿಗಳಿಗೆ ಆರ್ಡರ್ ಕೊಟ್ಟಿದ್ದೇವೆ.