ತೆಗೆಸಿಕೊಳ್ಳದವರ ಪಟಕ್ಕೆ ಏನು ಹೇಳುವುದು?

ಎಲ್ಲರಿಗೂ ನಮಸ್ಕಾರ. ನನಗೊಂದು ಪದ ಬೇಕಾಗಿದೆ.

ನಾನು ಕುಂಬಳೆ ಕಡೆಯವನು. ರಜೆ ಸಿಕ್ಕಿದರೆ ಹಳೆಯ ಫಿಲ್ಮ್ ಕ್ಯಾಮೆರಾ ಹಿಡಿದು ಕಾಸರಗೋಡು ಪೇಟೆ ಸುತ್ತುತ್ತೇನೆ. ಹಳೆ ಬಸ್‌ಸ್ಟ್ಯಾಂಡ್, ಮೀನು ಮಾರ್ಕೆಟ್, ತಳಂಗರೆಯ ಓಣಿಗಳು. ಗುರುತಿಲ್ಲದವರ ಪಟ ತೆಗೆಯುತ್ತೇನೆ. ಒಂದು ರೋಲಿನಲ್ಲಿ 36 ಪಟ. ಸುಮ್ನೆ ಒತ್ತಿದರೆ ಬೇಗ ಮುಗಿಯುತ್ತದೆ, ಆದ್ದರಿಂದ ನಿಂತು ನೋಡುವುದೇ ಜಾಸ್ತಿ.

ಒಂದು ದಿನ ಮೀನು ಮಾರುವ ಅಕ್ಕ ಒಬ್ಬರು ತುಳುವಿನಲ್ಲಿ ಕೇಳಿದರು, "ಎನ್ನ ಪಟ ದೆತ್ತರಾ?" ಹೌದು ಎಂದೆ. "ತೋಜಾಲೆ" ಎಂದರು. ತೋರಿಸಲು ಏನೂ ಇರಲಿಲ್ಲ. ರೋಲ್ ತೊಳೆದ ಮೇಲೆಯೇ ಕಾಣುವುದು ಎಂದು ವಿವರಿಸಿದೆ. ಪಕ್ಕದಲ್ಲಿದ್ದವರೊಬ್ಬರು ಕನ್ನಡದಲ್ಲಿ ಹೇಳಿದರು, "ಅಂದರೆ ಕದ್ದು ತೆಗೆದದ್ದಲ್ವಾ?"

ಆ ಮಾತು ತಾಗಿತು. ನಾನು ಅಡಗಿ ನಿಂತಿರಲಿಲ್ಲ. ಆದರೆ ಕೇಳಿಯೂ ಇರಲಿಲ್ಲ. ಈ ಎರಡರ ನಡುವಿನದಕ್ಕೆ ನಮ್ಮಲ್ಲಿ ಮಾತು ಏನಿದೆ?

ಕನ್ನಡದ ವ್ಯಾಕರಣ ಇಲ್ಲಿ ಬಹಳ ಸೂಕ್ಷ್ಮವಾಗಿದೆ. ಪಟ 'ತೆಗೆದವರು' ಒಬ್ಬರು. 'ತೆಗೆಸಿಕೊಂಡವರು' ಇನ್ನೊಬ್ಬರು. ಸ್ಟುಡಿಯೋಕ್ಕೆ ಹೋಗಿ, ತಲೆ ಬಾಚಿ, ಕುರ್ಚಿಯಲ್ಲಿ ನೆಟ್ಟಗೆ ಕೂತವರು ತೆಗೆಸಿಕೊಂಡವರು. ಅವರ ಇಷ್ಟ ಆ ಕ್ರಿಯಾಪದದ ಒಳಗೇ ಇದೆ. ದಾರಿಯಲ್ಲಿ ಸಿಕ್ಕಿದವರು ಏನನ್ನೂ ತೆಗೆಸಿಕೊಂಡಿಲ್ಲ. ಅವರನ್ನು ಏನೆಂದು ಕರೆಯಲಿ?

ಪತ್ರಿಕೆಗಳಲ್ಲಿ 'ಸೆರೆಹಿಡಿದ' ಎಂದು ಬರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಸೆರೆ ಅಂದರೆ ಜೈಲು. ಹಕ್ಕಿಯ ಪಟಕ್ಕೂ ಮಗುವಿನ ಪಟಕ್ಕೂ ಅದೇ ಸೆರೆ. 'ಕ್ಲಿಕ್ಕಿಸು' ಬರೀ ಸದ್ದು. 'ಫೋಟೋ ಹೊಡೆ' ಬಾಯಿಮಾತಿಗೆ ಸರಿ, ಮೀನು ಮಾರುವ ಅಕ್ಕನ ಬಗ್ಗೆ ಹೇಳುವಾಗ ನಾಲಿಗೆ ತಡೆಯುತ್ತದೆ.

ಬೇರೆ ಭಾಷೆಯವರಿಗೂ ಈ ಕಷ್ಟ ಇತ್ತು. ಫ್ರಾನ್ಸಿನ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೇ ಬ್ರೆಸ್ಸಾನ್ 1952ರಲ್ಲಿ ತಂದ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರಿನ ಅರ್ಥ 'ನಿರ್ಣಾಯಕ ಕ್ಷಣ'. ಫ್ರೆಂಚಿನ ಹೆಸರು 'ಇಮಾಜ್ ಆ ಲಾ ಸೊವೆತ್'. ಲೈಸೆನ್ಸ್ ಇಲ್ಲದೆ ರಸ್ತೆ ಬದಿ ಸಾಮಾನು ಹರಡಿ, ಪೊಲೀಸರನ್ನು ಕಂಡ ಕೂಡಲೇ ಗಂಟು ಕಟ್ಟುವ ವ್ಯಾಪಾರಕ್ಕೆ ಅಲ್ಲಿ ಬಳಸುವ ಮಾತು 'ಆ ಲಾ ಸೊವೆತ್'. ಅವಸರವೂ ಇದೆ, ಸ್ವಲ್ಪ ಅಳುಕೂ ಇದೆ. ಇಂಗ್ಲಿಷಿಗೆ ಹೋಗುವಾಗ ಆ ಅಳುಕು ಬಿಟ್ಟುಹೋಯಿತು. ನನಗೆ ಬೇಕಾದ ಕನ್ನಡ ಪದದಲ್ಲಿ ಅದು ಇರಬೇಕು.

'ಪಟ' ಎಂಬ ಪದದ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಅದು ಬಟ್ಟೆ. ಬೆಂಗಳೂರಿನ ಗೆಳೆಯರಿಗೆ ಪಟ ಎಂದರೆ ಗಾಳಿಪಟ, ಇಲ್ಲವೇ ಗೋಡೆಯ ಮೇಲಿನ ದೇವರ ಪಟ. ನಮ್ಮಲ್ಲಿ ಫೋಟೋಕ್ಕೂ ಪಟವೇ. ಪಕ್ಕದ ಮಲಯಾಳದಲ್ಲಿ 'ಪಡಂ' ದಿನಾ ಕಿವಿಗೆ ಬೀಳುವುದರಿಂದ ಇಲ್ಲಿ ಅದು ಗಟ್ಟಿಯಾಗಿ ಉಳಿದಿರಬಹುದು ಎಂದು ನನ್ನ ಊಹೆ.

ರೋಲ್ ತೊಳೆದು ಬಂದ ಮೇಲೆ ಆ ಅಕ್ಕನ ಪಟವನ್ನು ಅಮ್ಮನಿಗೆ ತೋರಿಸಿದೆ. ಅಕ್ಕ ಮೀನು ಕೊಯ್ಯುತ್ತಿದ್ದಾರೆ, ಸುತ್ತ ಅಷ್ಟು ಗಲಾಟೆ, ಅವರ ಕಣ್ಣು ಮಾತ್ರ ಕತ್ತಿಯ ಮೇಲೆ. ಅಮ್ಮ ನಮ್ಮ ಹವ್ಯಕದಲ್ಲಿ ಹೇಳಿದರು, "ಅದು ಅದರಷ್ಟಕ್ಕೆ ಇದ್ದು." (ಹವ್ಯಕದಲ್ಲಿ ಹೆಂಗಸರಿಗೆ 'ಅದು' ಎನ್ನುವುದು ರೂಢಿ, ಅಗೌರವ ಅಲ್ಲ.)

ಅವರಷ್ಟಕ್ಕೆ! ನಾನು ಹುಡುಕುತ್ತಿದ್ದದ್ದು ಅದನ್ನೇ ಅನಿಸಿತು. ನಮ್ಮ ಕಡೆ ದಿನಕ್ಕೆ ಹತ್ತು ಸಲ ಹೇಳುತ್ತೇವೆ. 'ಅವನಷ್ಟಕ್ಕೆ ಹೋದ', 'ಮಗು ಅದರಷ್ಟಕ್ಕೆ ಆಡುತ್ತಿದೆ'. ಯಾರ ಗೊಡವೆಯೂ ಇಲ್ಲದೆ, ತನ್ನ ಲೋಕದಲ್ಲಿ ಇರುವುದು. ಅದರಲ್ಲಿ ಕಳವೂ ಇಲ್ಲ, ಸೆರೆಯೂ ಇಲ್ಲ.

ತೊಡಕು ಎರಡು. 'ಅವರಷ್ಟಕ್ಕೆ ಇದ್ದಾಗ ತೆಗೆದ ಪಟ' ಪದ ಅಲ್ಲ, ವಾಕ್ಯವೇ ಆಯಿತು. ಕಿರಿದು ಮಾಡಿ 'ತನ್ನಷ್ಟಕ್ಕಿನ ಪಟ' ಎಂದರೆ ಪಟವೇ ತನ್ನಷ್ಟಕ್ಕೆ ಇದ್ದ ಹಾಗೆ ಕೇಳುತ್ತದೆ. ಎರಡನೆಯದು, ಇದರಲ್ಲಿ ತೆಗೆದವನು ಕಾಣುವುದೇ ಇಲ್ಲ. ಕೇಳದೆ ತೆಗೆದ ನನ್ನ ಹೊಣೆ ಎಲ್ಲಿ ಹೋಯಿತು?

ಪಟದ ಒಂದು ಪ್ರತಿ ಅಕ್ಕನಿಗೆ ಕೊಟ್ಟೆ. ತುಂಬಾ ಹೊತ್ತು ನೋಡಿ, "ಯಾನ್ ಇಂಚ ಉಪ್ಪುವೆನಾ?" ಎಂದರು. ನಾನು ಹೀಗಿರುತ್ತೇನಾ, ಎಂದು.

ಧಾರವಾಡ, ಬೀದರ್, ಚಾಮರಾಜನಗರದ ಕಡೆ ಇಂಥ ಪಟಕ್ಕೆ ಏನು ಹೇಳುತ್ತೀರಿ? 'ಅವರಷ್ಟಕ್ಕೆ' ಎಂಬ ಮಾತು ಅಲ್ಲಿಯೂ ಇದೆಯಾ, ಇದ್ದರೆ ಇದೇ ಅರ್ಥದಲ್ಲಾ? ಹಳೆಯ ಸ್ಟುಡಿಯೋದವರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೂ ಕೇಳಿ ತಿಳಿಸಿ.